ಥಾಯ್ಲೆಂಡಿನ ಮನೆಯಲ್ಲಿ ಮೊದಲ ಹದಿನೈದು ದಿನ

ವಿದ್ಯಾರ್ಥಿ ವಿನಿಮಯಕ್ಕೆಂದು ಥಾಯ್ಲೆಂಡಿಗೆ ಹೊರಟ ನಮ್ಮ ಕಡೆಯ ಮಕ್ಕಳ ಅರ್ಜಿ ಕೈಗೆ ಬಂದರೆ ನಾನು ಮೊದಲು ನೋಡುವುದು ಊಟದ ಕಾಲಂ. ಅಲ್ಲಿ ‘ವೆಜ್’ ಎಂದು ಒಂದೇ ಪದ ಗೀಚಿ ಮುಂದಿನ ಪ್ರಶ್ನೆಗೆ ಹೋಗಿರುತ್ತಾರೆ. ಸೂಟ್‌ಕೇಸು, ಜರ್ಕಿನ್, ಹೊಸ ಶೂ ಎಂದು ವಾರಗಟ್ಟಲೆ ಅಂಗಡಿ ಸುತ್ತುವ ಅಪ್ಪ ಅಮ್ಮ ಆ ಕಾಲಂಗೆ ಒಂದು ನಿಮಿಷವನ್ನೂ ಕೊಟ್ಟಿರುವುದಿಲ್ಲ. ಆಮೇಲೆ ಅಲ್ಲಿಂದ ಅಳುವ ಫೋನು ಬರುತ್ತದೆ. ಮಗುವಿನದೂ ತಪ್ಪಿಲ್ಲ, ಆ ಮನೆಯವರದೂ ತಪ್ಪಿಲ್ಲ. ಹೇಳಬೇಕಾದ್ದನ್ನು ಹೇಳಬೇಕಾದ ಹೊತ್ತಿನಲ್ಲಿ ಯಾರೂ ಹೇಳಿರುವುದಿಲ್ಲ, ಅಷ್ಟೇ.

ಬಾಗಲೂರು, ಕಟ್ಟಿಗೇನಹಳ್ಳಿ, ಯಲಹಂಕದ ಜನಕ್ಕೆ ವಿಮಾನ ನಿಲ್ದಾಣ ಪಕ್ಕದಲ್ಲೇ ಇದೆ. ನೇರ ವಿಮಾನ ಹಿಡಿದರೆ ಬ್ಯಾಂಕಾಕ್ ಸುಮಾರು ನಾಲ್ಕು ಗಂಟೆಯ ದಾರಿ. ರೈಲಿನಲ್ಲಿ ಹುಬ್ಬಳ್ಳಿಗೆ ಹೋಗುವುದಕ್ಕಿಂತ ಬೇಗ ತಲುಪಬಹುದು. ಈ ಹತ್ತಿರವೇ ನಮ್ಮನ್ನು ಮೈಮರೆಸುತ್ತದೆ. ಅಕ್ಕಪಕ್ಕದವರೆಲ್ಲ ಪ್ರವಾಸಕ್ಕೆ ಹೋಗಿ ಬಂದ ಊರು, ಗೊತ್ತಿಲ್ಲದ್ದು ಏನಿದೆ ಎಂದುಕೊಳ್ಳುತ್ತೇವೆ. ಪ್ರವಾಸಿಗರು ಹೋಟೆಲಿನಲ್ಲಿ ಉಳಿದು ಬರುತ್ತಾರೆ. ವಿನಿಮಯಕ್ಕೆ ಹೋಗುವ ಮಗು ಇನ್ನೊಬ್ಬರ ಅಡುಗೆಮನೆ, ಬಚ್ಚಲುಮನೆ, ದೇವರಗೂಡಿನ ನಡುವೆ ತಿಂಗಳುಗಟ್ಟಲೆ ಬಾಳಬೇಕು.

ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಹೈಸ್ಕೂಲು, ಪಿಯು ವಯಸ್ಸಿನ ಮಕ್ಕಳ ವಿನಿಮಯವನ್ನು ರೋಟರಿ ಯೂತ್ ಎಕ್ಸ್‌ಚೇಂಜ್, 1947ರಿಂದ ಈ ಕೆಲಸದಲ್ಲಿರುವ ಎಎಫ್ಎಸ್ ಮುಂತಾದ ಸಂಸ್ಥೆಗಳು ನಡೆಸುತ್ತವೆ. ರೋಟರಿಯಲ್ಲಿ 15ರಿಂದ 19ರ ವಯೋಮಿತಿ ಇದೆ. ಒಂದು ಶೈಕ್ಷಣಿಕ ವರ್ಷಕ್ಕೆ ಹೋದವರು ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ ಇರಬೇಕಾಗುತ್ತದೆ. ಈ ಎರಡೂ ವ್ಯವಸ್ಥೆಗಳಲ್ಲಿ ಮಗುವನ್ನು ಇಟ್ಟುಕೊಳ್ಳುವ ಕುಟುಂಬ ಸ್ವಇಚ್ಛೆಯಿಂದ ಮುಂದೆ ಬಂದಿರುತ್ತದೆ. ಅವರು ಪಿ.ಜಿ. ನಡೆಸುತ್ತಿಲ್ಲ ಎಂಬುದನ್ನು ಹೊರಡುವ ಮೊದಲೇ ಮಗುವಿಗೆ ಮನದಟ್ಟು ಮಾಡಿ. ಥಾಯ್ ಶಾಲೆಗಳು ಮೇ ಮಧ್ಯದಲ್ಲಿ ಶುರುವಾಗುತ್ತವೆ, ಆದ್ದರಿಂದ ಜುಲೈ, ಆಗಸ್ಟ್‌ನಲ್ಲಿ ಹೋಗುವವರು ನಡೆಯುತ್ತಿರುವ ತರಗತಿಗೆ ಸೇರಬೇಕಾಗುತ್ತದೆ. ಇಲ್ಲಿ ಪಿಯು ಹಾಜರಾತಿ, ಒಂದು ವರ್ಷದ ಅಂತರ ಇವನ್ನೆಲ್ಲ ಕಾಲೇಜಿನಲ್ಲಿ ಮೊದಲೇ ಮಾತಾಡಿ ಬರಹದಲ್ಲಿ ಪಡೆಯಿರಿ.

ಹೊರಡುವ ಮುನ್ನ

ವೀಸಾ ವಿಚಾರದಲ್ಲಿ ಒಂದು ಎಚ್ಚರಿಕೆ. 2024ರ ಜುಲೈನಲ್ಲಿ ಭಾರತೀಯ ಪ್ರವಾಸಿಗರಿಗೆ 60 ದಿನಗಳ ವೀಸಾರಹಿತ ಪ್ರವೇಶ ಸಿಕ್ಕಿತು. ಅದನ್ನು ಕೇಳಿದವರು ‘ಹಾಗೇ ಹೋಗಲಿ, ಅಲ್ಲೇ ಮಾಡಿಸಿಕೊಂಡರಾಯಿತು’ ಎನ್ನುತ್ತಾರೆ. ಬೇಡ. ಶಾಲೆಗೆ ಹೋಗುವವರು ಶಿಕ್ಷಣಕ್ಕೆಂದೇ ಇರುವ ನಾನ್ ಇಮಿಗ್ರಂಟ್ ‘ಇಡಿ’ ವೀಸಾ ಪಡೆದೇ ಹೊರಡಬೇಕು, ಅರ್ಜಿ ಆನ್‌ಲೈನ್‌ನಲ್ಲಿ. ಇದಲ್ಲದೆ 2025ರ ಮೇ 1ರಿಂದ ಥಾಯ್ಲೆಂಡಿಗೆ ಹೋಗುವ ಎಲ್ಲ ವಿದೇಶಿಯರೂ ಡಿಜಿಟಲ್ ಆಗಮನ ಕಾರ್ಡ್ ತುಂಬಬೇಕು. ಇಳಿಯುವ ಮುಂಚಿನ 3 ದಿನಗಳೊಳಗೆ ತುಂಬಿದರೆ ಸಾಕು. ಇದು ಪೂರ್ತಿ ಉಚಿತ. ಶುಲ್ಕ ಕೇಳುವ ಜಾಲತಾಣ ಕಂಡರೆ ಅದು ಸರ್ಕಾರದ್ದಲ್ಲ ಎಂದು ತಿಳಿಯಿರಿ.

ಲೈನ್ ಎಂಬ ಆ್ಯಪನ್ನು ಇಲ್ಲಿಂದಲೇ ಹಾಕಿಕೊಂಡು ಹೋಗಲಿ, ಅಪ್ಪ ಅಮ್ಮನೂ ಹಾಕಿಕೊಳ್ಳಿ. ಅಲ್ಲಿನ ಮನೆಯವರು, ಮೇಷ್ಟ್ರು, ತರಗತಿಯ ಗುಂಪು ಎಲ್ಲ ಇರುವುದು ಅದರಲ್ಲಿ; ವಾಟ್ಸ್ಆ್ಯಪ್ ಬಳಸುವವರು ಕಡಿಮೆ. ನಮ್ಮ ದಪ್ಪ ಮೂರು ಪಿನ್ನಿನ ಪ್ಲಗ್ ಅಲ್ಲಿ ಕೂರುವುದಿಲ್ಲ, ಅಡಾಪ್ಟರ್ ಬೇಕು. ದಿನವೂ ನುಂಗುವ ಮಾತ್ರೆ ಇದ್ದರೆ ವೈದ್ಯರ ಚೀಟಿ ಜೊತೆಗಿರಲಿ. ಉಡುಗೊರೆಗೆ ಚನ್ನಪಟ್ಟಣದ ಆಟಿಕೆ, ಮೈಸೂರು ಸ್ಯಾಂಡಲ್ ಸೋಪು ಚೆನ್ನ. ಚಿಕ್ಕ ಗಣೇಶನ ಮೂರ್ತಿಯನ್ನೂ ಒಯ್ಯಬಹುದು. ಗಣೇಶ ಅಲ್ಲಿಯೂ ಪೂಜೆಗೊಳ್ಳುವ ದೇವರು, ಅಲ್ಲಿನ ಲಲಿತಕಲಾ ಇಲಾಖೆಯ ಲಾಂಛನದಲ್ಲೂ ಅವನೇ ಇದ್ದಾನೆ. ಬುದ್ಧನ ಚಿತ್ರವಿರುವ ಟೀಶರ್ಟು, ಬುದ್ಧನ ತಲೆಯ ಶೋಪೀಸು ಮಾತ್ರ ಬೇಡವೇ ಬೇಡ. ಉಡುಗೊರೆಯನ್ನು ಎದುರಿಗೇ ಬಿಚ್ಚದೆ ಪಕ್ಕಕ್ಕಿಟ್ಟರೆ ಮಗು ಪೆಚ್ಚಾಗಬೇಕಿಲ್ಲ, ಅಲ್ಲಿನ ರೂಢಿಯೇ ಹಾಗೆ.

‘ವೆಜ್’ ಎಂದರೆ ಏನು ಎಂದು ಬಿಡಿಸಿ ಬರೆಯಿರಿ

ಈ ಲೇಖನ ಬರೆಯಲು ಕೂತದ್ದೇ ಇದಕ್ಕಾಗಿ. ಜಾಗ ಇಲ್ಲೇ ಹೆಚ್ಚು ಹೋದರೂ ಚಿಂತೆಯಿಲ್ಲ.

ಥಾಯ್ ಅಡುಗೆಯಲ್ಲಿ ಉಪ್ಪಿನ ಕೆಲಸವನ್ನು ಬಹುಮಟ್ಟಿಗೆ ಮಾಡುವುದು ನಾಮ್ ಪ್ಲಾ. ಮೀನಿಗೆ ಉಪ್ಪು ಹಾಕಿ ತಿಂಗಳುಗಟ್ಟಲೆ ಹುಳಿಯಲು ಬಿಟ್ಟು ಸೋಸಿ ತೆಗೆದ ರಸ ಅದು. ನಾವು ಕೆಂಪು ಕರಿ, ಹಸಿರು ಕರಿ ಎನ್ನುವ ಪದಾರ್ಥಗಳ ಅರೆದ ಮಸಾಲೆಯಲ್ಲಿ ಸಾಮಾನ್ಯವಾಗಿ ‘ಕಪಿ’ ಇರುತ್ತದೆ, ಅಂದರೆ ಸೀಗಡಿಯನ್ನು ಹುದುಗಿಸಿ ಕುಟ್ಟಿದ ಮುದ್ದೆ. ಸೊಪ್ಪನ್ನು ಬಾಡಿಸುವಾಗ ಆಯ್ಸ್ಟರ್ ಸಾಸ್ ಬೀಳುತ್ತದೆ. ನೂಡಲ್ಸಿನ ಸಾರು ಎಷ್ಟೋ ಕಡೆ ಹಂದಿಯ ಮೂಳೆ ಕುದಿಸಿದ್ದು. ಎಳೆ ಪಪ್ಪಾಯಿಯ ಕೋಸಂಬರಿಯಂಥ ‘ಸೋಮ್ ತಮ್’ನಲ್ಲಿ ಒಣ ಸೀಗಡಿ ಇರುತ್ತದೆ. ತಟ್ಟೆ ನೋಡಿದರೆ ಬರೀ ತರಕಾರಿ. ಆ ಮನೆಯ ತಾಯಿ ‘ವೆಜ್’ ಎಂಬ ಪದ ಓದಿ ಮಾಂಸದ ತುಂಡುಗಳನ್ನೆಲ್ಲ ಆರಿಸಿ ತೆಗೆದು, ಕಾಳಜಿಯಿಂದ ಬಡಿಸಿರುತ್ತಾಳೆ.

ಮುಂದೆ ಆಗುವುದು ಎರಡರಲ್ಲಿ ಒಂದು. ಮೂರ್ನಾಲ್ಕು ದಿನ ಉಂಡ ಮೇಲೆ ಮಗುವಿಗೆ ವಿಷಯ ಗೊತ್ತಾಗಿ ಮೋಸ ಹೋದೆನೆಂದು ಕೊರಗುತ್ತದೆ. ಇಲ್ಲವೇ ಮೊದಲ ದಿನವೇ ವಾಸನೆ ಹಿಡಿದು ತಟ್ಟೆ ಸರಿಸಿ, ಬರೀ ಅನ್ನ, ಬಾಳೆಹಣ್ಣು, ಬ್ರೆಡ್ಡಿನಲ್ಲಿ ದಿನ ತಳ್ಳುತ್ತದೆ. ಎರಡನೆಯದು ಇನ್ನೂ ಕೆಟ್ಟದ್ದು. ಬಂದ ಅತಿಥಿ ಉಣ್ಣದೆ ಏಳುವುದನ್ನು ನಮ್ಮ ಯಾವ ಅಮ್ಮ ಸಹಿಸುತ್ತಾಳೆ ಹೇಳಿ? ಅಲ್ಲಿನವಳೂ ಸಹಿಸಲಾರಳು. ತನ್ನ ಅಡುಗೆ ಹಿಡಿಸಲಿಲ್ಲ, ತನ್ನ ಮನೆ ಹಿಡಿಸಲಿಲ್ಲ ಎಂದು ಆಕೆ ಒಳಗೇ ನೊಂದುಕೊಳ್ಳುತ್ತಾಳೆ, ಬಾಯಿಬಿಟ್ಟು ಹೇಳುವುದಿಲ್ಲ.

ಆದ್ದರಿಂದ ಅರ್ಜಿ ತುಂಬುವ ದಿನ ಮನೆಯವರೆಲ್ಲ ಒಟ್ಟಿಗೆ ಕೂತು ಈ ಪ್ರಶ್ನೆಗಳನ್ನು ಮಗುವಿಗೆ ಒಂದೊಂದಾಗಿ ಕೇಳಿ. ಮೊಟ್ಟೆ ತಿನ್ನುತ್ತೀಯಾ? ಮೊಟ್ಟೆ ಹಾಕಿದ ಕೇಕು? ಈರುಳ್ಳಿ, ಬೆಳ್ಳುಳ್ಳಿ? ತುಂಡು ಇಲ್ಲದೆ ರಸದಲ್ಲಿ ಮಾತ್ರ ಮೀನಿನ ಸಾಸ್ ಇದ್ದರೆ? ಹಂದಿಮಾಂಸ ಹುರಿದ ಬಾಣಲೆಯನ್ನು ತೊಳೆದು ನಿನಗೆ ಮಾಡಿಕೊಟ್ಟರೆ? ಒಂದೇ ಮೇಜಿನಲ್ಲಿ ಪಕ್ಕದವರು ತಿನ್ನುತ್ತಿದ್ದರೆ? ಶನಿವಾರ, ಏಕಾದಶಿ ಎಂದು ಏನಾದರೂ ನೇಮ ಇದೆಯಾ? ಉತ್ತರ ಮಗುವಿನದಾಗಿರಲಿ. ಅಜ್ಜಿಗೆ ಬೇಸರವಾದೀತೆಂದು ಇಲ್ಲಿ ಒಂದು ಹೇಳಿ, ಅಲ್ಲಿ ಇನ್ನೊಂದು ಮಾಡುವ ಸ್ಥಿತಿಗೆ ಮಗುವನ್ನು ನೂಕಬೇಡಿ. ಮಾಂಸ ತಿನ್ನುವ ಮನೆಯವರಿಗೂ ಈ ಮಾತು ಅನ್ವಯಿಸುತ್ತದೆ. ಕೋಳಿ, ಕುರಿ ಮಾತ್ರ ತಿನ್ನುವ ಮಗು ‘ನಾನ್‌ವೆಜ್’ ಎಂದು ಬರೆದರೆ ಅಲ್ಲಿ ತಟ್ಟೆಗೆ ಬರುವುದು ಹೆಚ್ಚಾಗಿ ಹಂದಿ. ದನದ ಮಾಂಸವನ್ನು ಗ್ವಾನ್‌ಯಿನ್ ದೇವಿಯ ಭಕ್ತರಾದ ಎಷ್ಟೋ ಥಾಯ್ ಕುಟುಂಬಗಳೂ ಮುಟ್ಟುವುದಿಲ್ಲ, ಆದರೆ ಎಲ್ಲರೂ ಹಾಗಲ್ಲ. ಹಲಾಲ್ ಬೇಕಾದವರು ಅದನ್ನೇ ಸ್ಪಷ್ಟವಾಗಿ ಬರೆಯಲಿ. ಅಂಗಡಿಯ ಪೊಟ್ಟಣಗಳ ಮೇಲೆ ಗುರುತು ಇರುತ್ತದೆ.

ಉತ್ತರ ಸಿಕ್ಕ ಮೇಲೆ ಅರ್ಜಿಯಲ್ಲಿ ಪೂರ್ಣ ವಾಕ್ಯ ಬರೆಯಿರಿ. ‘ಮಾಂಸ, ಮೀನು, ಸೀಗಡಿ, ಅವುಗಳಿಂದ ಮಾಡಿದ ಸಾಸ್ ತಿನ್ನುವುದಿಲ್ಲ. ಮೊಟ್ಟೆ, ಹಾಲು, ಬೆಳ್ಳುಳ್ಳಿ ತಿನ್ನುತ್ತೇನೆ. ತೊಳೆದ ಅದೇ ಬಾಣಲೆಯಲ್ಲಿ ಮಾಡಿದರೆ ಅಡ್ಡಿಯಿಲ್ಲ’ ಎಂಬಷ್ಟು ಸ್ಪಷ್ಟವಿರಲಿ. ಅದನ್ನು ಸಂಸ್ಥೆಯ ಸಂಯೋಜಕರಿಂದ ಥಾಯ್ ಲಿಪಿಯಲ್ಲಿ ಬರೆಸಿ, ಒಂದು ಚೀಟಿ ಪರ್ಸಿನಲ್ಲಿ, ಒಂದು ಚಿತ್ರ ಫೋನಿನಲ್ಲಿ ಇಟ್ಟುಕೊಳ್ಳಲಿ. ಶಾಲೆಯ ಕ್ಯಾಂಟೀನಿನಲ್ಲಿ ಬಾಯಿಮಾತಿಗಿಂತ ಈ ಚೀಟಿಯೇ ಹೆಚ್ಚು ಕೆಲಸಕ್ಕೆ ಬರುತ್ತದೆ.

ಅಂಗಡಿಗಳಲ್ಲಿ ಎರಡು ಬಗೆಯ ಸಸ್ಯಾಹಾರ ಸಿಗುತ್ತದೆ, ಎರಡನ್ನೂ ತಿಳಿದಿರಬೇಕು. ‘ಮಂಗ್‌ಸವಿರತ್’ ಎಂದರೆ ಮಾಂಸವಿಲ್ಲದ್ದು, ಮೊಟ್ಟೆ ಇರಬಹುದು. ಮೀನಿನ ಸಾಸ್ ಬೇಡವೆಂದು ಬಾಯಿಬಿಟ್ಟು ಹೇಳುವುದೇ ಕ್ಷೇಮ. ‘ಜೇ’ ಎಂದರೆ ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ, ಬೆಳ್ಳುಳ್ಳಿ, ಈರುಳ್ಳಿಯಂಥ ಘಾಟಿನ ಪದಾರ್ಥಗಳೂ ಇಲ್ಲ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರವಿರುವ ಅಂಗಡಿ ಕಂಡರೆ ಅದು ಜೇ. ಚೀನೀ ಪಂಚಾಂಗದ ಒಂಬತ್ತನೆಯ ತಿಂಗಳಲ್ಲಿ, ಹೆಚ್ಚಾಗಿ ಅಕ್ಟೋಬರ್ ಹೊತ್ತಿಗೆ, ಒಂಬತ್ತು ದಿನಗಳ ಜೇ ಹಬ್ಬ ನಡೆಯುತ್ತದೆ. ಆಗ ಊರೆಲ್ಲ ಇಂಥ ಅಂಗಡಿಗಳೇ. ನಮ್ಮಲ್ಲಿ ಬೆಳ್ಳುಳ್ಳಿ ಮುಟ್ಟದ ಮನೆಯ ಮಗು ‘ಜೇ’ ಎಂದು ಕೇಳಿದರೆ ಬಹಳ ಸಲೀಸು. ‘ಮಾಯ್ ಸಾಯ್ ನಾಮ್ ಪ್ಲಾ’, ಮೀನಿನ ಸಾಸ್ ಹಾಕಬೇಡಿ ಎಂಬ ಇಷ್ಟು ಮಾತನ್ನು ವಿಮಾನದಲ್ಲೇ ಬಾಯಿಪಾಠ ಮಾಡಲಿ.

ಇನ್ನೊಂದು ಹೆಜ್ಜೆಯನ್ನು ಎಲ್ಲರೂ ಬಿಡುತ್ತಾರೆ. ಏನು ಬೇಡ ಎಂಬ ಪಟ್ಟಿ ಕೊಟ್ಟು ಸುಮ್ಮನಾದರೆ ಆ ತಾಯಿಗೆ ದಿಕ್ಕೇ ತೋಚದು. ಏನು ಬೇಕು ಎಂಬುದನ್ನೂ ಹೇಳಿ. ತೋಫು, ಸೋಯಾ ಸಾಸ್ ಹಾಕಿದ ಆಮ್ಲೆಟ್, ಸೋಯಾ ಸಾಸಿನಲ್ಲೇ ಬಾಡಿಸಿದ ಸೊಪ್ಪು, ಹುರಿದ ಅನ್ನ, ಮಾವಿನಹಣ್ಣಿನ ಜೊತೆಗಿನ ಅಂಟನ್ನ, ಹಣ್ಣುಗಳು ಎಂದು ಐದಾರು ಹೆಸರು ಕೊಟ್ಟರೆ ಆಕೆಯ ಅರ್ಧ ಭಾರ ಇಳಿಯುತ್ತದೆ. ಚಟ್ನಿಪುಡಿ, ಉಪ್ಪಿನಕಾಯಿ ಒಂದೊಂದು ಡಬ್ಬಿ ಸಾಕು. ಮೊದಲ ವಾರ ಅದನ್ನು ಮೇಜಿನ ಮೇಲೆ ಬಿಚ್ಚಬೇಡಿ. ಬಿಚ್ಚಿದರೆ ಎಲ್ಲರಿಗೂ ಕೊಟ್ಟು ತಿನ್ನಿ. ಎರಡನೆಯ ಭಾನುವಾರ ಮಗುವೇ ಚಿತ್ರಾನ್ನ ಮಾಡಲಿ. ಅಲ್ಲಿನ ಮಲ್ಲಿಗೆ ಅಕ್ಕಿಯ ಅನ್ನ ಮೆತ್ತಗೆ ಅಂಟುತ್ತದೆ, ನೀರು ಕಡಿಮೆ ಇಟ್ಟು, ಹರಡಿ ಆರಿಸಿ ಕಲಸಬೇಕು. ಒಗ್ಗರಣೆಯ ಘಾಟು ಮನೆ ತುಂಬುವುದರಿಂದ ಕೇಳಿಯೇ ಒಲೆ ಹಚ್ಚಬೇಕು. ಎಷ್ಟೋ ಮನೆಗಳಲ್ಲಿ ಹುರಿಯುವ ಒಲೆ ಹಿತ್ತಲ ಕಡೆ ಬೇರೆಯೇ ಇರುತ್ತದೆ.

ಮಾಂಸ ಬೆಂದ ಪಾತ್ರೆ ತೊಳೆದರೂ ಒಲ್ಲೆ ಎನ್ನುವ ಮಗುವನ್ನು ಈ ವಿನಿಮಯಕ್ಕೆ ಕಳಿಸಬೇಡಿ ಎಂದೇ ನಾನು ಹೇಳುವುದು. ಆ ನೇಮದಲ್ಲಿ ಕೊರತೆಯೇನೂ ಇಲ್ಲ. ಆದರೆ ಅದನ್ನು ಪಾಲಿಸುವ ಹೊರೆಯನ್ನು ಕಾಸೂ ಪಡೆಯದ ಇನ್ನೊಂದು ಮನೆಯ ಮೇಲೆ ಹೇರುವುದು ನ್ಯಾಯವಲ್ಲ.

ಮೊದಲ ರಾತ್ರಿಯ ಪ್ರಶ್ನೆಗಳು

ರೋಟರಿಯವರಲ್ಲಿ ‘ಮೊದಲ ರಾತ್ರಿಯ ಪ್ರಶ್ನೆಗಳು’ ಎಂಬ ಪಟ್ಟಿಯೇ ಇದೆ. ಬೇರೆ ಸಂಸ್ಥೆಯಿಂದ ಹೋಗುವವರೂ ಇದನ್ನು ಮಾಡಬಹುದು. ಬಂದ ರಾತ್ರಿ, ತಪ್ಪಿದರೆ ಮರುದಿನ, ಮನೆಯವರೊಂದಿಗೆ ಕೂತು ಕೇಳಬೇಕು. ನಿಮ್ಮನ್ನು ಏನೆಂದು ಕರೆಯಲಿ? ಬೆಳಿಗ್ಗೆ ಎಷ್ಟಕ್ಕೆ ಏಳಬೇಕು, ಬಚ್ಚಲು ಯಾವಾಗ ಖಾಲಿ ಇರುತ್ತದೆ? ಒಗೆಯುವ ಬಟ್ಟೆ ಎಲ್ಲಿ ಹಾಕಲಿ? ಫ್ರಿಜ್ಜಿನಿಂದ ಕೇಳದೆ ಏನು ತೆಗೆದುಕೊಳ್ಳಬಹುದು? ಎ.ಸಿ. ಎಷ್ಟು ಹೊತ್ತು ಹಾಕಬಹುದು? ಮನೆಗೆಲಸದಲ್ಲಿ ನನ್ನ ಪಾಲು ಯಾವುದು? ಸಂಜೆ ಎಷ್ಟರೊಳಗೆ ಮನೆ ಸೇರಬೇಕು? ಕುಡಿಯುವ ನೀರು ಯಾವುದು? ನಲ್ಲಿ ನೀರು ಕುಡಿಯಬಾರದು.

ನಮ್ಮ ಮಕ್ಕಳು ಇದನ್ನು ಕೇಳಲು ನಾಚುತ್ತಾರೆ. ಕೇಳಿದರೆ ಎಲ್ಲಿ ಸಣ್ಣವರಾಗುತ್ತೇವೋ ಎಂಬ ಸಂಕೋಚ. ಥಾಯ್ ಹಿರಿಯರಿಗೆ ಎದುರಿಗೆ ನಿಂತು ತಪ್ಪು ತೋರಿಸುವ ಅಭ್ಯಾಸ ಕಡಿಮೆ. ನಕ್ಕು ಸುಮ್ಮನಾಗುತ್ತಾರೆ. ಆ ನಗುವನ್ನು ಒಪ್ಪಿಗೆ ಎಂದುಕೊಂಡು ಮಗು ತಿಂಗಳುಗಟ್ಟಲೆ ಅದೇ ತಪ್ಪು ಮಾಡುತ್ತಿರುತ್ತದೆ. ಸಂಕೋಚ ಬಿಟ್ಟು ಮೊದಲೇ ಕೇಳುವುದೇ ಇದಕ್ಕೆ ಔಷಧ.

ಕರೆಯುವುದು ನಮ್ಮಂತೆಯೇ ನಂಟಿನಿಂದ. ತಾಯಿಗೆ ‘ಮ್ಯಾ’, ತಂದೆಗೆ ‘ಪೊ’, ತನಗಿಂತ ದೊಡ್ಡವರಿಗೆ ‘ಪೀ’, ಚಿಕ್ಕವರಿಗೆ ‘ನೋಂಗ್’. ಎಲ್ಲರಿಗೂ ಮನೆಯ ಕರೆಹೆಸರು ಒಂದಿರುತ್ತದೆ, ನಿಮ್ಮ ಮಗುವಿಗೂ ಒಂದು ಇಡಬಹುದು. ಮಾತಿನ ಕೊನೆಗೆ ಹುಡುಗರು ‘ಖ್ರಪ್’, ಹುಡುಗಿಯರು ‘ಖಾ’ ಸೇರಿಸಿದರೆ ಅದೇ ನಮ್ಮ ಬಹುವಚನದ ಮರ್ಯಾದೆ. ಕೈಮುಗಿದು ತಲೆ ಬಾಗಿಸುವ ‘ವಾಯ್’ ನಮಗೆ ಹೊಸದಲ್ಲ. ಚಿಕ್ಕವರು ಮೊದಲು ಮಾಡಬೇಕು, ಹಿರಿಯರ ಎದುರು ಬೆರಳ ತುದಿ ಮೂಗಿನ ಮಟ್ಟಕ್ಕೆ ಬರಬೇಕು. ತನಗಿಂತ ಚಿಕ್ಕವರಿಗೆ ತಾನಾಗಿ ಮಾಡುವುದು ಬೇಡ.

ಮೈ, ಬಟ್ಟೆ, ಕಾಲು, ತಲೆ

ಸಮುದ್ರ ಮಟ್ಟದಿಂದ 900 ಮೀಟರ್ ಎತ್ತರದ ಬೆಂಗಳೂರಿನ ಹವೆಯಲ್ಲಿ ಬೆಳೆದ ಮಕ್ಕಳಿಗೆ ಬೆಳಗಿನ ಒಂದು ಸ್ನಾನ ಸಾಕು. ಅಲ್ಲಿನ ಸೆಕೆಯಲ್ಲಿ ಎರಡು ಸ್ನಾನ ಸಾಮಾನ್ಯ, ಮಲಗುವ ಮುನ್ನ ಸ್ನಾನ ಮಾಡದವರನ್ನು ಕೊಳಕರೆಂದೇ ಎಣಿಸುತ್ತಾರೆ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅದಕ್ಕೇ ನಾನು ಹೇಳುತ್ತಿದ್ದೇನೆ. ಒಳಉಡುಪನ್ನು ಮನೆಯವರ ಬಟ್ಟೆಯ ಬುಟ್ಟಿಗೆ ಹಾಕದೆ ತಾನೇ ಕೈಯಲ್ಲಿ ಒಗೆದು, ತಗ್ಗಿನಲ್ಲಿ ಒಣಹಾಕಬೇಕು. ಅಂಗಿಗಳಿಗಿಂತ ಮೇಲೆ, ಜನ ತಲೆ ತಗ್ಗಿಸಿ ದಾಟುವಂತೆ ನೇತುಹಾಕುವುದು ಅಲ್ಲಿ ದೊಡ್ಡ ಅಸಭ್ಯತೆ.

ಚಪ್ಪಲಿ ಹೊರಗೆ ಬಿಡುವುದು, ಕಾಲು ತಾಗಿದರೆ ಮುಜುಗರಪಡುವುದು, ಮಲಗಿದವರನ್ನು ದಾಟದಿರುವುದು ನಮ್ಮ ಮಕ್ಕಳಿಗೆ ಗೊತ್ತಿರುವಂಥದ್ದೇ. ಎಡವುವುದು ತಲೆಯ ವಿಷಯದಲ್ಲಿ. ನಾವು ಪುಟ್ಟ ಮಕ್ಕಳನ್ನು ಕಂಡರೆ ಪ್ರೀತಿಯಿಂದ ತಲೆ ಸವರುತ್ತೇವೆ, ಗೆಳೆಯರ ತಲೆಗೆ ಮೊಟಕುತ್ತೇವೆ. ಅಲ್ಲಿ ತಲೆ ಅತಿ ಪವಿತ್ರ, ಮುಟ್ಟಬಾರದು. ಹುಡುಗಿಯರು ಬೌದ್ಧ ಭಿಕ್ಷುಗಳನ್ನು ಮುಟ್ಟಬಾರದು, ಕೈಯಿಂದ ಕೈಗೆ ಏನನ್ನೂ ಕೊಡಬಾರದು.

ಮೇಜಿನ ಮೇಲೆ ಅನ್ನ ಒಬ್ಬೊಬ್ಬರದು, ಪಲ್ಯ ಸಾರು ಎಲ್ಲರದು. ನಡುವಿನ ಬೋಗುಣಿಯಿಂದ ಒಂದು ಸಲಕ್ಕೆ ಒಂದು ಬಗೆಯದನ್ನು ಒಂದೆರಡು ಚಮಚ ಹಾಕಿಕೊಂಡು ತಿಂದು, ಆಮೇಲೆ ಮುಂದಿನದು. ನಮ್ಮ ಎಲೆಯೂಟದಂತೆ ಎಲ್ಲವನ್ನೂ ಒಮ್ಮೆಗೇ ತಟ್ಟೆ ತುಂಬ ಬಡಿಸಿಕೊಂಡರೆ ಆಸೆಬುರುಕತನವಾಗಿ ಕಾಣುತ್ತದೆ. ಬಲಗೈಯ ಚಮಚದಿಂದ ತಿನ್ನಬೇಕು, ಎಡಗೈಯ ಫೋರ್ಕು ಚಮಚಕ್ಕೆ ಅನ್ನ ತಳ್ಳಲು. ಕೈಯಲ್ಲಿ ತಿನ್ನುವುದು ಅಂಟನ್ನಕ್ಕೆ ಸರಿ.

ಫೋನು: ಅಪ್ಪ ಅಮ್ಮನಿಗೆ

ಥಾಯ್ಲೆಂಡ್ ನಮಗಿಂತ ಒಂದೂವರೆ ಗಂಟೆ ಮುಂದೆ. ಬಾಗಲೂರಿನಲ್ಲಿ ಊಟ ಮುಗಿಸಿ ಒಂಬತ್ತೂವರೆಗೆ ಅಮ್ಮ ವಿಡಿಯೊ ಕಾಲ್ ಮಾಡಿದರೆ ಅಲ್ಲಿ ಹನ್ನೊಂದು. ಬೆಳಿಗ್ಗೆ ಎಂಟಕ್ಕೆ ಶಾಲೆಯಲ್ಲಿ ಧ್ವಜ ಏರುತ್ತದೆ, ಅಷ್ಟರಲ್ಲಿ ಮಗು ಸಾಲಿನಲ್ಲಿ ನಿಂತಿರಬೇಕು. ದಿನವೂ ಗಂಟೆಗಟ್ಟಲೆ ಕನ್ನಡದಲ್ಲಿ ಮಾತಾಡುತ್ತ ಕೋಣೆಯಲ್ಲೇ ಕೂತ ಮಗು ಹೊರಗೆ ಟಿ.ವಿ. ನೋಡುತ್ತ ಕೂತ ಮನೆಯವರ ಜೊತೆ ಬೆರೆಯುವುದು ಯಾವಾಗ? ತಲುಪಿದ ದಿನ ಒಂದು ಕರೆ, ಆಮೇಲೆ ವಾರಕ್ಕೊಂದು, ಭಾನುವಾರ ಸಂಜೆ, ಅರ್ಧ ಗಂಟೆ. ಮೊದಲ ಎರಡು ವಾರ ಮಗು ಅತ್ತರೆ ಕೇಳಿಸಿಕೊಳ್ಳಿ, ಟಿಕೆಟ್ ನೋಡಲು ಓಡಬೇಡಿ. ಸುರಕ್ಷತೆಗೆ ಧಕ್ಕೆ ಬಂದ ಮಾತು, ಯಾರಾದರೂ ಮೈಮುಟ್ಟಿದ ಮಾತು ಬಂದರೆ ಮಾತ್ರ ಆ ಕ್ಷಣವೇ ಸಂಯೋಜಕರಿಗೆ ಕರೆ ಮಾಡಿ, ಮನೆ ಬದಲಿಸಿ ಎಂದು ಪಟ್ಟು ಹಿಡಿಯಿರಿ. ಇದರಲ್ಲಿ ಮುಲಾಜು ಬೇಡ.

ಉಳಿದದ್ದು ಚುಟುಕಾಗಿ

ವಿದೇಶಿ ವ್ಯಕ್ತಿ ಮನೆಗೆ ಬಂದ 24 ಗಂಟೆಯೊಳಗೆ ಮನೆಯವರು ವಲಸೆ ಇಲಾಖೆಗೆ ‘ಟಿಎಂ 30’ ಸಲ್ಲಿಸಬೇಕೆಂದು ಅಲ್ಲಿನ 1979ರ ಕಾನೂನು ಹೇಳುತ್ತದೆ. ಆಗಿದೆಯೇ ಎಂದು ಮಗು ಕೇಳಲಿ, ರಸೀದಿಯ ಚಿತ್ರ ಇಟ್ಟುಕೊಳ್ಳಲಿ. ಎರಡನೆಯ ಮನೆಗೆ ಹೋದಾಗ ಮತ್ತೆ. 90 ದಿನ ದಾಟಿ ಇರುವವರು ವಿಳಾಸ ವರದಿ ಕೊಡಬೇಕು. ಮನೆಯವರ ಜೊತೆ ಪಕ್ಕದ ದೇಶಕ್ಕೆ ಹೋಗುವುದಾದರೆ ಮರುಪ್ರವೇಶ ಪರವಾನಗಿ ಮೊದಲೇ ಪಡೆಯಬೇಕು, ಇಲ್ಲದಿದ್ದರೆ ವೀಸಾ ಅಲ್ಲಿಗೇ ಮುಗಿಯುತ್ತದೆ.

ರಾಜಮನೆತನದ ಬಗ್ಗೆ ಟೀಕೆ, ಹಗುರ ಮಾತು, ಮೀಮ್ ಯಾವುದೂ ಬೇಡ. ದಂಡ ಸಂಹಿತೆಯ 112ನೇ ಕಲಮಿನಡಿ 3ರಿಂದ 15 ವರ್ಷ ಜೈಲು. ರಾಷ್ಟ್ರಗೀತೆ ಬೆಳಿಗ್ಗೆ 8ಕ್ಕೆ, ಸಂಜೆ 6ಕ್ಕೆ ಕೇಳಿಬಂದಾಗ ನಿಂತುಬಿಡಬೇಕು. ಇ-ಸಿಗರೇಟು ನಿಷಿದ್ಧ. ಸಹಪಾಠಿಗಳು ಮೋಟಾರ್‌ಬೈಕ್ ಓಡಿಸುತ್ತಾರೆ, ವಿನಿಮಯದ ಮಕ್ಕಳಿಗೆ ವಾಹನ ಓಡಿಸಲು ಸಂಸ್ಥೆಗಳೇ ಬಿಡುವುದಿಲ್ಲ. ಕಾಗದಗಳಲ್ಲಿ, ಹಾಲಿನ ಪೊಟ್ಟಣದಲ್ಲಿ ಇಸವಿ 543 ಹೆಚ್ಚಿರುತ್ತದೆ: 2026 ಅಂದರೆ 2569. ಪೊಲೀಸ್ 191, ಆಂಬುಲೆನ್ಸ್ 1669, ಪ್ರವಾಸಿ ಪೊಲೀಸ್ 1155. ಭಾರತದ ರಾಯಭಾರ ಕಚೇರಿ ಬ್ಯಾಂಕಾಕಿನಲ್ಲಿದೆ, ಚಿಯಾಂಗ್ ಮಾಯ್‌ನಲ್ಲಿ ದೂತಾವಾಸವಿದೆ.

ನಿಮ್ಮ ಮಗುವಿನ ಬದಲಿಗೆ ಥಾಯ್ ಮಗುವೊಂದು ಬಾಗಲೂರಿನ ನಿಮ್ಮ ಮನೆಗೆ ಬರುವುದಾದರೆ ಇಲ್ಲಿಯೂ 24 ಗಂಟೆಯ ಲೆಕ್ಕವೇ. ಜನ ‘ಫಾರಂ ಸಿ’ ಎನ್ನುವ ಮಾಹಿತಿಯನ್ನು ಮನೆಯವರು ಆನ್‌ಲೈನ್‌ನಲ್ಲಿ ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿಗೆ (ಎಫ್‌ಆರ್‌ಆರ್‌ಒ) ಸಲ್ಲಿಸಬೇಕು. ಅದಕ್ಕೆ ಮಗುವಿನ ಪಾಸ್‌ಪೋರ್ಟ್, ವೀಸಾ, ಫೋಟೊಗಳ ಪ್ರತಿಯನ್ನು ಅದು ವಿಮಾನ ಹತ್ತುವ ಮೊದಲೇ ತರಿಸಿಟ್ಟುಕೊಳ್ಳಿ, ಜೊತೆಗೆ ಅದು ಏನು ತಿನ್ನುತ್ತದೆ ಎಂಬ ಪಟ್ಟಿಯನ್ನೂ.